ಬೂಸ್ಟ್ ಬಂದಾಗ ಮೇಲೇಳುವ ಆಯಿಲ್ ಗೇಜ್: ತಪ್ಪು ರಿಂಗಿನದ್ದಾ, ವಾಲ್ವಿನದ್ದಾ?

ಗಾಡಿ 1.8 ಲೀಟರಿನದು. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಎಂಜಿನ್ನಿಗೆ ಗಾಳಿ ಒತ್ತಿ ತುಂಬಲು ಬೆಲ್ಟಿನಿಂದ ತಿರುಗುವ ಸೂಪರ್‌ಚಾರ್ಜರ್ (ಆ ಗಾಳಿಯ ಒತ್ತಡವೇ ಬೂಸ್ಟ್). ಬೆಂಗಳೂರಿನಲ್ಲಿ ಇಂಥ ಕಾರುಗಳು ಜಾಸ್ತಿ ಇಲ್ಲ, ಆದರೆ ಸೆಕೆಂಡ್ ಹ್ಯಾಂಡ್ ಕೊಂಡವರು ಆಗಾಗ ನನ್ನ ಗ್ಯಾರೇಜಿಗೆ ತರುತ್ತಾರೆ. ದೂರು ಹೀಗಿತ್ತು: ಜೋರಾಗಿ ಓಡಿಸಿದರೆ ಆಯಿಲ್ ಗೇಜ್ ಕಡ್ಡಿ ತಾನೇ ಮೇಲೆದ್ದು ಬರುತ್ತದೆ. ಟ್ಯಾಪೆಟ್ ಕವರ್ ಸುತ್ತ ಆಯಿಲ್ ಜಿನುಗುತ್ತದೆ. ಕ್ರ್ಯಾಂಕಿನ ಹಿಂದಿನ ಸೀಲ್ ಹೊಸದು ಹಾಕಿಸಿದರೂ ಮತ್ತೆ ಸೋರುತ್ತದೆ. ಬೇರೊಂದು ಕಡೆ ತೋರಿಸಿದಾಗ "ಬ್ಯಾಕ್ ಕಂಪ್ರೆಷನ್ ಹೊಡೀತಿದೆ ಸರ್, ರಿಂಗ್ ಹೋಗಿದೆ, ಎಂಜಿನ್ ಬಿಚ್ಚಲೇಬೇಕು" ಅಂದಿದ್ದರಂತೆ. ಅಂದರೆ ಪಿಸ್ಟನ್ ಸುತ್ತಲಿನ ರಿಂಗುಗಳು ಕೆಟ್ಟು, ಸಿಲಿಂಡರಿನ ಗ್ಯಾಸ್ ಕೆಳಗೆ ನುಗ್ಗುತ್ತಿದೆ ಅಂತ.

ರಿಂಗ್ ಹೋಗಿರಲೂಬಹುದು. ಆದರೆ ಸೂಪರ್‌ಚಾರ್ಜರ್ ಇರುವ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಕೇಸಿಗೆ (ಪಿಸ್ಟನ್ನಿನ ಕೆಳಗೆ ಕ್ರ್ಯಾಂಕ್ ತಿರುಗುವ ಜಾಗಕ್ಕೆ) ಒತ್ತಡ ನುಗ್ಗಲು ಇನ್ನೊಂದು ದಾರಿಯೂ ಇದೆ. ಅದನ್ನು ನೋಡದೆ ಎಂಜಿನ್ ಇಳಿಸುವುದು ಗಿರಾಕಿಗೆ ಮಾಡುವ ಅನ್ಯಾಯ ಅಂತ ನಾನು ನಂಬಿದ್ದೇನೆ.

ಯಾವ ಎಂಜಿನ್ನಿನಲ್ಲೂ ರಿಂಗುಗಳ ಸಂದಿಯಿಂದ ಸ್ವಲ್ಪ ಗ್ಯಾಸ್ ಕೆಳಗಿಳಿಯುತ್ತದೆ. ಪಿಸಿವಿ ಲೈನ್ (ಕ್ರ್ಯಾಂಕ್‌ಕೇಸಿನ ಗ್ಯಾಸ್ ಹೊರಗೆಳೆಯುವ ಪೈಪ್) ಅದನ್ನು ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಎಳೆದುಕೊಂಡು ಸುಟ್ಟುಬಿಡುತ್ತದೆ. ಐಡಲಿನಲ್ಲಿ ಮ್ಯಾನಿಫೋಲ್ಡ್ ತುಂಬಾ ವ್ಯಾಕ್ಯೂಮ್, ಹಾಗಾಗಿ ಈ ಕೆಲಸ ಸಲೀಸು. ಆಕ್ಸಿಲರೇಟರ್ ತುಳಿದಾಗ ಕಥೆ ಬೇರೆ. ಸೂಪರ್‌ಚಾರ್ಜರ್ ಅದೇ ಮ್ಯಾನಿಫೋಲ್ಡಿಗೆ ಗಾಳಿ ಒತ್ತುತ್ತದೆ, ಈ ಗಾಡಿಯಲ್ಲಿ ಹತ್ತಿರ ಹತ್ತಿರ ಅರ್ಧ ಬಾರ್. ಆಗ ಪಿಸಿವಿ ಲೈನಿನ ಒನ್‌ವೇ ವಾಲ್ವ್ ಮುಚ್ಚಿಕೊಳ್ಳಬೇಕು. ಗ್ಯಾಸೆಲ್ಲ ಇನ್ನೊಂದು ದಾರಿಯಾದ ಬ್ರೀದರ್ ಪೈಪಿನಲ್ಲಿ ಹೊರಟು, ಸೂಪರ್‌ಚಾರ್ಜರಿಗಿಂತ ಮುಂಚೆ ಇರುವ ಏರ್ ಪೈಪ್ ಸೇರಬೇಕು. ವಾಲ್ವ್ ಮುಚ್ಚದಿದ್ದರೆ ಬೂಸ್ಟ್ ಗಾಳಿ ಸೀದಾ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ.

ಎಷ್ಟೋ ಜನ ಎಡವುವುದು ಇಲ್ಲೇ. ವಾಲ್ವ್ ಪೂರ್ತಿ ಕೆಟ್ಟಿದ್ದರೂ ಐಡಲಿನಲ್ಲಿ ಏನೂ ಗೊತ್ತಾಗುವುದಿಲ್ಲ, ಯಾಕೆಂದರೆ ಆಗ ಗ್ಯಾಸ್ ಹೋಗಬೇಕಾದ ದಿಕ್ಕಿಗೇ ಹೋಗುತ್ತಿರುತ್ತದೆ. ಆಯಿಲ್ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡಿದು ನೋಡುವುದು ನಮ್ಮಲ್ಲಿ ಎಲ್ಲರೂ ಮಾಡುವ ಪರೀಕ್ಷೆ ಅಲ್ವಾ? ಈ ಕಾಯಿಲೆಗೆ ಅದು ಪ್ರಯೋಜನವಿಲ್ಲ. ಬೂಸ್ಟ್ ಇರುವಾಗಲೇ ಅಳೆಯಬೇಕು. ಅಂದರೆ ಗಾಡಿ ಓಡುತ್ತಿರುವಾಗ.

ಐಡಲಿಗೆ ನಾನು ಬಳಸುವುದು ಗಾರೆಯವರ ಲೆವೆಲ್ ಪೈಪ್. ಹಲಗೆಗೆ ಯು ಆಕಾರದಲ್ಲಿ ಕಟ್ಟಿ, ಅರ್ಧ ನೀರು ತುಂಬಿ, ಒಂದು ತುದಿಯನ್ನು ಎಂಜಿನ್ನಿಗೆ ಕೊಟ್ಟರೆ ಮುಗೀತು. ನೀರಿನ ಎರಡು ಮಟ್ಟಗಳ ನಡುವೆ 10 ಸೆಂಟಿಮೀಟರ್ ವ್ಯತ್ಯಾಸ ಬಂದರೆ ಸುಮಾರು 1 ಕಿಲೋಪ್ಯಾಸ್ಕಲ್. ರಸ್ತೆಗೆ ಹೊರಟಾಗ ನೀರು ಆಗುವುದಿಲ್ಲ. ಅದಕ್ಕೆ ಡಾಕ್ಟರುಗಳು ಬಿಪಿ ನೋಡುವ ಮುಳ್ಳಿನ ಡಯಲ್ ಇಟ್ಟುಕೊಂಡಿದ್ದೇನೆ. ಪಾದರಸದ 300 ಮಿಲಿಮೀಟರ್ ತನಕ ಓದುತ್ತದೆ, ಎರಡೆರಡು ಮಿಲಿಮೀಟರಿಗೆ ಗೆರೆ ಇರುತ್ತದೆ. ಏಳೂವರೆ ಮಿಲಿಮೀಟರ್ ಅಂದರೆ 1 ಕಿಲೋಪ್ಯಾಸ್ಕಲ್. ಇಷ್ಟು ಸಣ್ಣ ಒತ್ತಡಕ್ಕೆ ಟಯರ್ ಗೇಜ್ ಮುಳ್ಳು ಅಲ್ಲಾಡುವುದೂ ಇಲ್ಲ.

ಪೈಪನ್ನು ಗೇಜ್ ಕಡ್ಡಿಯ ಕೊಳವೆಗೆ ಸಿಕ್ಕಿಸಬೇಡಿ. ಕೆಲವು ಎಂಜಿನ್ನುಗಳಲ್ಲಿ ಆ ಕೊಳವೆಯ ಬುಡ ಆಯಿಲಿನಲ್ಲಿ ಮುಳುಗಿರುತ್ತದೆ, ರೀಡಿಂಗ್ ತಪ್ಪಾಗುತ್ತದೆ. ಹಳೇ ಆಯಿಲ್ ಮುಚ್ಚಳಕ್ಕೆ ತೂತು ಕೊರೆದು ನಿಪ್ಪಲ್ ಕೂರಿಸಿ. ಗೇಜ್ ಕಡ್ಡಿಯನ್ನು ಬಿಗಿಯಾಗಿ ಕಟ್ಟಿಹಾಕಿ, ಇಲ್ಲದಿದ್ದರೆ ಒತ್ತಡ ಅಲ್ಲಿಂದಲೇ ಹೊರಟುಹೋಗುತ್ತದೆ.

ಐಡಲಿನಲ್ಲಿ ನೀರು ಎಂಜಿನ್ ಕಡೆಗೆ ಸ್ವಲ್ಪ ಏರಿತು. ಒಳಗೆ ಸಣ್ಣ ವ್ಯಾಕ್ಯೂಮ್ ಇದೆ, ಇರಬೇಕಾದ್ದೇ. ಆಮೇಲೆ ಡಯಲ್ ಜೋಡಿಸಿ, ಖಾಲಿ ಏರು ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ತುಳಿದೆ. ಪಕ್ಕದಲ್ಲಿ ಡಯಲ್ ಹಿಡಿದು ಕೂತಿದ್ದ ಹುಡುಗ "ಅಣ್ಣಾ, ಅರವತ್ತು ದಾಟ್ತು" ಅಂದ. ಅಂದರೆ 8 ಕಿಲೋಪ್ಯಾಸ್ಕಲ್. ಯಾವ ಸೀಲ್ ತಾನೇ ತಡೆದೀತು?

ಗಾಡಿ ನಿಲ್ಲಿಸಿ ಪಿಸಿವಿ ಲೈನ್ ಕಳಚಿದೆ. ಮ್ಯಾನಿಫೋಲ್ಡ್ ಕಡೆಯ ನಿಪ್ಪಲ್ಲಿಗೆ ಕ್ಯಾಪ್ ಹಾಕಿ ಕ್ಲ್ಯಾಂಪ್ ಬಿಗಿದೆ, ಎಂಜಿನ್ ಕಡೆಯ ತೂತನ್ನೂ ಮುಚ್ಚಿದೆ. ಬ್ರೀದರ್ ಪೈಪ್ ಮುಟ್ಟಲಿಲ್ಲ. ಈಗ ರಿಂಗಿನಿಂದ ಇಳಿದ ಗ್ಯಾಸ್ ಮಾತ್ರ ಉಳಿಯಿತು, ಬೂಸ್ಟಿಗೆ ಒಳಬರಲು ದಾರಿ ಇಲ್ಲ. ಅದೇ ಏರು, ಅದೇ ಗೇರು. ಮುಳ್ಳು ಹತ್ತರ ಆಚೆ ಹೋಗಲಿಲ್ಲ. ನನ್ನ ಮಟ್ಟಿಗೆ ಎಂಜಿನ್ ಇಳಿಸುವ ಮಾತು ಅಲ್ಲಿಗೇ ಮುಗಿಯಿತು.

ವಾಲ್ವನ್ನು ಬೆಂಚಿನ ಮೇಲೆ ನೋಡಿದಾಗ ಒಂದು ವಿಷಯ ಗಮನಕ್ಕೆ ಬಂತು. ಬಾಯಲ್ಲಿ ಊದಿದರೆ ಒಂದೇ ಕಡೆ ಗಾಳಿ ಬಿಡುತ್ತಿತ್ತು, ಸರಿಯಾಗೇ ಇದೆ ಅನ್ನಿಸುವಂತೆ. ಕಂಪ್ರೆಸರ್ ಗಾಳಿಯನ್ನು ಅರ್ಧ ಬಾರಿಗೆ ಇಳಿಸಿ, ಉಲ್ಟಾ ದಿಕ್ಕಿನಿಂದ ಕೊಟ್ಟು, ಇನ್ನೊಂದು ತುದಿಯನ್ನು ನೀರಿನಲ್ಲಿ ಮುಳುಗಿಸಿದೆ. ಬಿಡಿ ಬಿಡಿ ಗುಳ್ಳೆ ಬಂತು. ವಾಲ್ವನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ಮತ್ತೆ ಗಾಳಿ ಕೊಟ್ಟಾಗ ನೀರು ಕುದಿಯುವ ಹಾಗೆ ಗುಳ್ಳೆ ಎದ್ದಿತು. ಒಡೆದು ನೋಡಿದರೆ ಒಳಗಿನ ರಬ್ಬರ್ ಬಿಲ್ಲೆ ಗಟ್ಟಿಯಾಗಿ ಡೊಂಕಾಗಿತ್ತು, ಅಂಚಿನಲ್ಲಿ ಒಂದು ಚೂರು ಕಿತ್ತುಹೋಗಿತ್ತು. ಕೂರುವ ಜಾಗದಲ್ಲಿ ಟಾರಿನಂಥ ಕಪ್ಪು ಮಡ್ಡಿ. ಹಾಗಾಗಿ ಈ ವಾಲ್ವನ್ನು ತಣ್ಣಗಿರುವಾಗ ಊದಿ ನೋಡಿ ಪಾಸ್ ಮಾಡಬೇಡಿ.

ಕಂಪ್ರೆಷನ್ ಪರೀಕ್ಷೆ, ಲೀಕ್‌ಡೌನ್ (ಸಿಲಿಂಡರಿಗೆ ಗಾಳಿ ಕೊಟ್ಟು ಎಷ್ಟು ಸೋರುತ್ತದೆ ಅಂತ ನೋಡುವುದು) ಎರಡನ್ನೂ ಖಾತ್ರಿಗಾಗಿ ಮಾಡಿದೆ. ನಾಲ್ಕೂ ಸಿಲಿಂಡರ್ ಸಮ ಇದ್ದವು, ಸೋರಿಕೆ ಎಲ್ಲೂ 10 ಪರ್ಸೆಂಟ್ ದಾಟಲಿಲ್ಲ. ಹೊಸ ವಾಲ್ವ್, ಹೊಸ ಬ್ರೀದರ್ ಪೈಪ್, ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಹಾಕಿದ ಮೇಲೆ ರಸ್ತೆಯಲ್ಲಿ ಮತ್ತೆ ಡಯಲ್ ನೋಡಿದೆ. ಮುಳ್ಳು ಹತ್ತರೊಳಗೇ ಇತ್ತು. ಆಮೇಲಷ್ಟೇ ಕ್ರ್ಯಾಂಕ್ ಸೀಲ್ ಬದಲಾಯಿಸಿದೆ. ಒತ್ತಡ ಇಳಿಸದೆ ಸೀಲ್ ಹಾಕಿದರೆ ಅದೂ ಸೋರುತ್ತದೆ, ಲೇಬರ್ ಎರಡೆರಡು ಸಲ ಬೀಳುತ್ತದೆ.

ಪಿಸಿವಿ ಲೈನ್ ಮುಚ್ಚಿದರೂ ಮುಳ್ಳು ಇಳಿಯದ ಗಾಡಿಯೂ ನನ್ನ ಕೈಗೆ ಬಂದಿದೆ. ಬೂಸ್ಟ್ ಜಾಸ್ತಿ ಮಾಡಲು ಸೂಪರ್‌ಚಾರ್ಜರಿಗೆ ಚಿಕ್ಕ ಪುಲ್ಲಿ ಹಾಕಿಸಿದ್ದರು. ಅಡ್ಡಿ ಆ ಕಡೆ ಇದೆಯಾ ಅಂತ ಬ್ರೀದರ್ ಪೈಪನ್ನು ಏರ್ ಪೈಪಿನಿಂದ ಬಿಡಿಸಿ ಬಾಟಲಿಗೆ ಬಿಟ್ಟು ನೋಡಿದೆ, ಆಗಲೂ ರೀಡಿಂಗ್ ಅಷ್ಟೇ ಇತ್ತು. ಲೀಕ್‌ಡೌನಿನಲ್ಲಿ ಮೂರನೇ ಸಿಲಿಂಡರ್ 40 ಪರ್ಸೆಂಟ್ ಸೋರಿತು, ಆಯಿಲ್ ಮುಚ್ಚಳದ ತೂತಿಗೆ ಕಿವಿ ಕೊಟ್ಟರೆ ಬುಸ್ಸೆನ್ನುವ ಸದ್ದು. ಗಾಳಿ ಇನ್‌ಟೇಕಿನಲ್ಲೋ ಸೈಲೆನ್ಸರಿನಲ್ಲೋ ಕೇಳಿದ್ದರೆ ಅದು ಸಿಲಿಂಡರಿನ ಇನ್‌ಟೇಕ್ ಅಥವಾ ಎಕ್ಸಾಸ್ಟ್ ವಾಲ್ವಿನ ಸೋರಿಕೆ; ಕೆಳಗೆ ಕೇಳಿದ್ದರಿಂದ ರಿಂಗೋ ಪಿಸ್ಟನ್ನೋ ಎಂದು ಖಚಿತವಾಯಿತು. ಬಿಚ್ಚಿದಾಗ ಪಿಸ್ಟನ್ನಿನಲ್ಲಿ ಎರಡು ರಿಂಗುಗಳ ನಡುವಿನ ಪಟ್ಟಿ ಮುರಿದಿತ್ತು. ಸಿಲಿಂಡರಿನಲ್ಲಿ ಪೆಟ್ರೋಲ್ ತಾನಾಗಿ ಸಿಡಿಯುವ ನಾಕಿಂಗ್ ಹೊಡೆತಕ್ಕೆ ಮೊದಲು ಮುರಿಯುವ ಜಾಗ ಅದು. ಬೂಸ್ಟ್ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ತಲೆಕೆಳಗೆ ಮಾಡಿದಾಗ ಆಯಿಲ್ ಸುರಿಯಿತು. ಬ್ರೀದರಿನಿಂದ ಬಂದ ಆ ಆಯಿಲ್ ಪೆಟ್ರೋಲ್ ಜೊತೆ ಸೇರಿದರೆ ನಾಕಿಂಗ್ ಇನ್ನೂ ಹೆಚ್ಚುತ್ತದೆ. ಹಾಗಾಗಿ ಹೊಸ ಪಿಸ್ಟನ್ ಕೂರಿಸುವ ಮುಂಚೆ ಇಂಟರ್‌ಕೂಲರನ್ನೂ ಏರ್ ಪೈಪುಗಳನ್ನೂ ತೊಳೆದು ಒಣಗಿಸಿದೆ, ಹಳೇ ಪುಲ್ಲಿ ವಾಪಸ್ ಹಾಕಿದೆ.