ಕ್ಲ್ಯಾಕಮಸ್ ಹೊಳೆ ದಂಡೆಯಲ್ಲಿ ಡಬ್ಬಿ ಹುಡುಕಿದ್ದು

ಬಚ್ಚಿಟ್ಟ ಡಬ್ಬಿಗೆ ಇನ್ನು 12 ಅಡಿ ಅಂತ ಫೋನ್ ತೋರಿಸುತ್ತಿತ್ತು. ಎರಡು ಹೆಜ್ಜೆ ಇಟ್ಟೆ, 40 ಅಡಿ ಆಯಿತು! ತಲೆಯ ಮೇಲೆ ದಟ್ಟವಾದ ಡಗ್ಲಸ್ ಫರ್ ಮರಗಳು, ಪಕ್ಕದಲ್ಲಿ ಕಡಿದಾದ ದಂಡೆ. ಇಂಥ ಕಡೆ ಉಪಗ್ರಹದ ಸಿಗ್ನಲ್ ಅಲ್ಲಿ ಇಲ್ಲಿ ತಾಗಿ ಬರುತ್ತದೆ, ಅಂಕಿ ಕುಣಿಯುತ್ತದೆ.

ಅಕ್ಟೋಬರ್‌ನ ಒಂದು ಶನಿವಾರ. ಆರೆಗಾನ್ ರಾಜ್ಯದ ಎಸ್ಟಕೇಡ ಊರಿನ ಹತ್ತಿರ, ಮೈಲೋ ಮೆಕೈವರ್ ಪಾರ್ಕಿಗೆ ಮಗಳ ಜೊತೆ ಜಿಯೋಕ್ಯಾಶಿಂಗ್‌ಗೆ, ಅಂದರೆ ಯಾರೋ ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ನೋಡಿ ಹುಡುಕುವ ಆಟಕ್ಕೆ ಹೋಗಿದ್ದೆ. ಈ ಆಟ ಹುಟ್ಟಿದ್ದೇ ಈ ಕ್ಲ್ಯಾಕಮಸ್ ಕೌಂಟಿಯಲ್ಲಿ. ಜಿಪಿಎಸ್ ಸಿಗ್ನಲ್ಲನ್ನು ಬೇಕೆಂದೇ ಮಸುಕು ಮಾಡುವುದನ್ನು ಅಮೆರಿಕ ಸರ್ಕಾರ 2000ದ ಮೇ ತಿಂಗಳ ಆರಂಭದಲ್ಲಿ ನಿಲ್ಲಿಸಿತು. ಮೇ 3ರಂದೇ ಡೇವ್ ಉಲ್ಮರ್ ಎಂಬವರು ಬೀವರ್‌ಕ್ರೀಕ್ ಬಳಿ ಒಂದು ಬಕೆಟ್ ಬಚ್ಚಿಟ್ಟು, ಅದರ ಜಾಗ ಎಲ್ಲರಿಗೂ ಹೇಳಿದರು.

ಅಂಕಿ ಕುಣಿದಾಗ ನಾನು ಮಾಡುವುದು ಇಷ್ಟು. ಮರದ ನೆರಳು ಬಿಟ್ಟು ಬಯಲಿಗೆ ಬರುತ್ತೇನೆ. ಒಂದೆರಡು ನಿಮಿಷ ಸುಮ್ನೆ ನಿಂತು, ಫೋನಿನ ಬಾಣ ಯಾವ ಕಡೆ ತೋರಿಸುತ್ತದೆ ನೋಡಿಕೊಳ್ಳುತ್ತೇನೆ. ಇನ್ನೊಂದು ಕಡೆಯಿಂದ ಮತ್ತೆ ಹಾಗೇ. ಎರಡು ಗೆರೆ ಎಲ್ಲಿ ಸೇರುತ್ತವೋ ಅಲ್ಲಿ ಫೋನ್ ಜೇಬಿಗೆ. ಆಮೇಲೆ ಕಣ್ಣಿನ ಕೆಲಸ: ಪ್ರಕೃತಿ ತಾನಾಗಿ ಇಡದ ಹಾಗೆ ಏನಿದೆ ಅಂತ ಹುಡುಕುವುದು.

ಬಯಲು ಬೇಕಿತ್ತಲ್ಲ, ಹೊಳೆಯ ಅಂಚಿಗೆ ಇಳಿದೆ. ಮೊಣಕಾಲುದ್ದ ನೀರು, ಆಚೆ ಕಲ್ಲಿನ ದಿಬ್ಬ. ದಾಟೋಣ ಅಂತ ಕಾಲಿಡುವಷ್ಟರಲ್ಲಿ ಗಾಳ ಹಿಡಿದು ನಿಂತಿದ್ದ ಹಿರಿಯರೊಬ್ಬರು ಕೂಗಿ ತಡೆದರು. ನೀರೊಳಗೆ ಬೆರಳು ತೋರಿಸಿದರು. ಪಾಚಿ ಕಟ್ಟಿದ ಕಪ್ಪು ಕಲ್ಲುಗಳ ನಡುವೆ ಚಾಪೆಯಗಲ ತಿಳಿ ಬಣ್ಣದ ಜಲ್ಲಿ, ಯಾರೋ ತೊಳೆದಿಟ್ಟ ಹಾಗೆ. ಅದು ಸಾಲ್ಮನ್ ಗೂಡು. ಹೆಣ್ಣು ಮೀನು ಬಾಲದಿಂದ ಕಲ್ಲು ಕೆದರಿ ಸಾವಿರಾರು ಮೊಟ್ಟೆ ಇಟ್ಟು, ಮೇಲೆ ಜಲ್ಲಿ ಮುಚ್ಚುತ್ತದೆ. ಚಳಿಗಾಲವಿಡೀ ಮೊಟ್ಟೆಗಳು, ಆಮೇಲೆ ಮರಿಗಳು ಆ ಕಲ್ಲಿನ ಕೆಳಗೇ ಇರುತ್ತವೆ. ಒಂದು ಹೆಜ್ಜೆ ಸಾಕು, ಮೊಟ್ಟೆಗಳು ಜಜ್ಜಿ ಹೋಗುತ್ತವೆ. ಸಾಲ್ಮನ್‌ನ ಹತ್ತಿರದ ಬಂಧು ಸ್ಟೀಲ್‌ಹೆಡ್ ಮೀನು ಮೊಟ್ಟೆ ಇಟ್ಟ ಮೇಲೂ ಬದುಕಿ ಸಮುದ್ರಕ್ಕೆ ಮರಳಬಹುದು. ಇಲ್ಲಿಯ ಸಾಲ್ಮನ್‌ಗೆ ಆ ಅವಕಾಶ ಇಲ್ಲ, ಮೊಟ್ಟೆ ಇಟ್ಟು ಸಾಯುತ್ತದೆ. ಅದರ ಬಾಳೆಲ್ಲ ಆ ಜಲ್ಲಿಯಲ್ಲಿದೆ ಅನ್ನಿಸಿ ಮೈ ಜುಮ್ಮೆಂದಿತು.

ಈಚೆ ದಂಡೆಯಿಂದಲೇ ಎರಡನೇ ಗೆರೆ ಹಿಡಿದೆವು. ಸ್ವಲ್ಪ ಜಾಸ್ತಿ ಸುತ್ತಾಯಿತು, ಅಷ್ಟೇ. ಇಲ್ಲಿ ಪಾಯ್ಸನ್ ಓಕ್ ಎಂಬ ಮೂರೆಲೆಯ ಗಿಡ ಇರುತ್ತದೆ, ಮೈಗೆ ತಾಗಿದರೆ ತುರಿಕೆ. ಹಾಗಾಗಿ ಕೋಲಿನಿಂದ ಪೊದೆ ಸರಿಸುತ್ತಾ ಹೋದೆವು. ಡಬ್ಬಿ ಕಂಡದ್ದು ಮಗಳಿಗೆ: ಸೀಡರ್ ಮರದ ಬೇರಿನ ಸಂದಿಯಲ್ಲಿ ತೊಗಟೆಯ ಚೂರುಗಳು ಒಂದೇ ಸಾಲಿನಲ್ಲಿದ್ದವು. ತೊಗಟೆ ಹಾಗೆ ಬೀಳಲ್ಲ, ಅಲ್ವಾ?

ಹುಡುಕಿದವರು ಹೆಸರು ಬರೆಯಲೆಂದು ಡಬ್ಬಿಯಲ್ಲಿಟ್ಟ ಪುಸ್ತಕ ಒದ್ದೆಯಾಗಿತ್ತು. ಪೆನ್ ಬರೆಯಲ್ಲ, ಪೆನ್ಸಿಲ್ ಇರಲೇಬೇಕು. ಹೆಸರು, ತಾರೀಖು ಬರೆದೆವು. ಡಬ್ಬಿಯಲ್ಲಿದ್ದ ಒಂದು ಗೋಲಿ ತೆಗೆದುಕೊಂಡು, ಬದಲಿಗೆ ಚನ್ನಪಟ್ಟಣದ ಪುಟ್ಟ ಬುಗುರಿ ಇಟ್ಟೆವು. ತಿಂಡಿ ಮಾತ್ರ ಎಂದೂ ಇಡಬಾರದು, ವಾಸನೆಗೆ ಪ್ರಾಣಿಗಳು ಡಬ್ಬಿ ಕಚ್ಚಿ ಹಾಕುತ್ತವೆ. ತೊಗಟೆಯನ್ನು ಇದ್ದ ಹಾಗೇ ಮುಚ್ಚಿದೆವು.

ವಾಪಸ್ ಬರುವಾಗ ಮಗಳು ಫೋನ್ ಕೇಳಲಿಲ್ಲ. ದಂಡೆಯ ಮೇಲಿಂದ ನೀರನ್ನೇ ನೋಡುತ್ತಾ ನಡೆದಳು. ಇನ್ನೆರಡು ಕಡೆ ತಿಳಿ ಜಲ್ಲಿ ತೋರಿಸಿದಳು.