ಇಲ್ಲಿ ಮೂರು ಉತ್ತರ, ಅಲ್ಲಿ ಹದಿನಾಲ್ಕು

ಗೆಳೆಯರಿಗಾಗಿ ನಾನೊಂದು ಪುಟ್ಟ ಮಾಸ್ಟೊಡಾನ್ ಸರ್ವರ್ ನಡೆಸುತ್ತೇನೆ. ಮಾಸ್ಟೊಡಾನ್ ಎಂದರೆ ಬೇರೆ ಬೇರೆಯವರು ನಡೆಸುವ ಸರ್ವರ್‌ಗಳು ಒಂದಕ್ಕೊಂದು ಬೆಸೆದುಕೊಂಡ ಸಾಮಾಜಿಕ ಜಾಲತಾಣ. ಶುರುವಿನ ವಾರಗಳಲ್ಲಿ ಪದೇ ಪದೇ ಬಂದ ದೂರು ಒಂದೇ: "ಈ ಪೋಸ್ಟ್‌ಗೆ ಇಲ್ಲಿ ಮೂರು ಉತ್ತರ ಕಾಣ್ತಿದೆ, ಮೂಲ ಸರ್ವರ್‌ನಲ್ಲಿ ನೋಡಿದ್ರೆ ಹದಿನಾಲ್ಕಿದೆ. ಸಿಂಕ್ ಆಗ್ತಿಲ್ವಾ?"

ನಾನೂ ಹಾಗೇ ಅಂದುಕೊಂಡು ಎರಡು ರಾತ್ರಿ ಡೇಟಾಬೇಸ್ ಜಾಲಾಡಿದೆ. ಏನೂ ಕೆಟ್ಟಿರಲಿಲ್ಲ. ತಪ್ಪಿದ್ದದ್ದು ನನ್ನ ಕಲ್ಪನೆ. ಸರ್ವರ್‌ಗಳೆಲ್ಲ ಒಂದೇ ಕಡತವನ್ನು ಸರಿಹೊಂದಿಸಿಕೊಳ್ಳುತ್ತವೆ ಅಂತ ನಂಬಿದ್ದೆ. ಸರ್ವರ್‌ಗಳು ಪರಸ್ಪರ ಮಾತಾಡಲು ಬಳಸುವ, 2018ರಲ್ಲಿ ಡಬ್ಲ್ಯೂ3ಸಿ (ವೆಬ್ ಮಾನಕಗಳನ್ನು ರೂಪಿಸುವ ಸಂಸ್ಥೆ) ಮಾನಕವಾದ ನಿಯಮಾವಳಿ ಆಕ್ಟಿವಿಟಿಪಬ್‌ನಲ್ಲಿ ಅಂಥ ಕಡತವೇ ಇಲ್ಲ. ಇರುವುದು ಇನ್‌ಬಾಕ್ಸ್, ಔಟ್‌ಬಾಕ್ಸ್. ಯಾರಾದರೂ ಬರೆದರೆ ಅವರ ಸರ್ವರ್, ಫಾಲೋವರ್ಸ್ ಇರುವ ಪ್ರತಿ ಸರ್ವರ್‌ನ ಇನ್‌ಬಾಕ್ಸ್‌ಗೆ ಒಂದು ಪ್ರತಿ ಹಾಕುತ್ತದೆ. ಒಂದೇ ಸರ್ವರ್‌ನಲ್ಲಿ ನೂರು ಜನ ಫಾಲೋ ಮಾಡುತ್ತಿದ್ದರೂ, ಹಂಚಿಕೆಯ ಇನ್‌ಬಾಕ್ಸ್ ಇದ್ದರೆ ಒಂದೇ ಪ್ರತಿ ಸಾಕು.

ಆ ಹದಿನಾಲ್ಕು ಉತ್ತರಗಳ ಪೋಸ್ಟ್ ನಮಗೆ ಬಂದದ್ದು ಬೂಸ್ಟ್ ಮೂಲಕ, ಅಂದರೆ ಬೇರೊಬ್ಬರು ಅದನ್ನು ತಮ್ಮ ಫಾಲೋವರ್ಸ್‌ಗೆ ಮರುಹಂಚಿದ್ದರಿಂದ. ಬೂಸ್ಟ್‌ನಲ್ಲಿ ಬರುವುದು ಮೂಲ ಪೋಸ್ಟ್‌ನ ವಿಳಾಸ ಮಾತ್ರ. ನನ್ನ ಸರ್ವರ್ ಆ ವಿಳಾಸಕ್ಕೆ ಹೋಗಿ ಪೋಸ್ಟನ್ನು ತಂದಿತ್ತು, ಅಷ್ಟೇ. ಬರೆದವರನ್ನು ನಮ್ಮಲ್ಲಿ ಯಾರೂ ಫಾಲೋ ಮಾಡುತ್ತಿರಲಿಲ್ಲ. ಉತ್ತರಿಸಿದವರಲ್ಲಿ ನಮ್ಮವರು ಫಾಲೋ ಮಾಡುತ್ತಿದ್ದದ್ದು ಮೂವರನ್ನು. ಉಳಿದ ಹನ್ನೊಂದನ್ನು ನಮಗೆ ಕಳಿಸಲು ಯಾವ ಸರ್ವರ್‌ಗೂ ಕಾರಣವಿರಲಿಲ್ಲ. ಬೇಕಾದ ಉತ್ತರದ ಲಿಂಕನ್ನು ಹುಡುಕುವ ಜಾಗದಲ್ಲಿ ಅಂಟಿಸಿದರೆ ಸರ್ವರ್ ಅದನ್ನು ತಂದುಕೊಡುತ್ತದೆ. ಬಹಳ ದಿನ ಅದೇ ನಮ್ಮ ದಾರಿಯಾಗಿತ್ತು. ಈಚಿನ ಆವೃತ್ತಿಗಳು ಉತ್ತರಗಳನ್ನು ತಾವೇ ಹುಡುಕಿ ತರುತ್ತವೆ, ತುಂಬ ಅನುಕೂಲವಾಗಿದೆ.

ನಿಜವಾದ ತೊಂದರೆ ಬಂದದ್ದು ಆಮೇಲೆ. ಒಂದು ದಿನ ನಮ್ಮವರು ಬರೆದದ್ದು ಯಾವ ಸರ್ವರ್‌ಗೂ ತಲುಪಲಿಲ್ಲ. ಸೈಡ್‌ಕಿಕ್‌ನಲ್ಲಿ, ಅಂದರೆ ಕಳಿಸುವ ಕೆಲಸಗಳು ಸಾಲಾಗಿ ನಿಲ್ಲುವ ಕಡೆ, ಬಾಕಿ ಬೆಳೆಯುತ್ತಲೇ ಇತ್ತು. ಎಲ್ಲ ಕಡೆಯಿಂದ 401, ಅಂದರೆ ಕಳಿಸಿದವರ ಗುರುತು ಒಪ್ಪಲಿಲ್ಲ ಎಂಬ ಉತ್ತರ. ಡೊಮೈನ್ ನೋಡಿದೆ, ಸರ್ಟಿಫಿಕೇಟ್ ನೋಡಿದೆ, ಕೀಲಿಗಳನ್ನೂ ನೋಡಿದೆ. ಕೊನೆಗೆ ಟರ್ಮಿನಲ್‌ನಲ್ಲಿ ಸಮಯ ಕೇಳಿದರೆ ಗಡಿಯಾರ ಎರಡು ಗಂಟೆ ಮುಂದೆ ಓಡುತ್ತಿತ್ತು! ಕಳಿಸುವ ಪ್ರತಿ ಸಂದೇಶಕ್ಕೂ ಸರ್ವರ್ ಬರೆದವರ ಖಾತೆಯ ಖಾಸಗಿ ಕೀಲಿಯಿಂದ ಸಹಿ ಹಾಕುತ್ತದೆ, ಸಹಿಯೊಳಗೆ ದಿನಾಂಕ ಮತ್ತು ಸಮಯವೂ ಸೇರಿರುತ್ತದೆ. ಹಳೆಯ ಸಂದೇಶವನ್ನು ಕದ್ದು ಯಾರೂ ಮತ್ತೆ ಕಳಿಸದಿರಲಿ ಎಂದು ಪಡೆಯುವವರು ಆ ಸಮಯವನ್ನೂ ನೋಡುತ್ತಾರೆ. ನನ್ನವು ಇನ್ನೂ ಬಾರದ ಸಮಯದ ಸಹಿಗಳು. ಗಡಿಯಾರವನ್ನು ಸರಿಯಾಗಿಡುವ, ನಿಂತುಹೋಗಿದ್ದ ಎನ್‌ಟಿಪಿ ಸೇವೆಯನ್ನು ಮತ್ತೆ ಶುರು ಮಾಡಿದೆ. ಪ್ರತಿ ಮರುಪ್ರಯತ್ನದಲ್ಲೂ ಹೊಸ ಸಹಿ ಬೀಳುವುದರಿಂದ ಬಾಕಿ ಪೋಸ್ಟ್‌ಗಳು ಒಂದೊಂದಾಗಿ ಹೊರಟವು. ಈಗ ಗಡಿಯಾರ ತಪ್ಪಿದರೆ ನನಗೆ ಎಚ್ಚರಿಕೆ ಬರುತ್ತದೆ.

ಅಳಿಸುವ ವಿಷಯ ಮಾತ್ರ ನನ್ನನ್ನು ಇಂದಿಗೂ ಕಾಡುತ್ತದೆ. ಪೋಸ್ಟ್ ಅಳಿಸಿದರೆ ಹೋಗುವುದು ಡಿಲೀಟ್ ಎಂಬ ಮತ್ತೊಂದು ಸಂದೇಶ. ಅದು ಕೋರಿಕೆ, ಹಿಡಿತವಲ್ಲ. ಪಡೆದ ಸರ್ವರ್ ಆ ಹೊತ್ತಿಗೆ ಮಲಗಿದ್ದರೆ ಒಂದಷ್ಟು ಕಾಲ ಮತ್ತೆ ಮತ್ತೆ ಪ್ರಯತ್ನ ನಡೆಯುತ್ತದೆ, ಆಮೇಲೆ ಕೈಬಿಡಲಾಗುತ್ತದೆ, ಪ್ರತಿ ಅಲ್ಲೇ ಉಳಿಯುತ್ತದೆ. ಒಬ್ಬ ಗೆಳತಿ ಅವಸರದಲ್ಲಿ ಹಾಕಿ ಅಳಿಸಿದ ಫೋಟೊ ತಿಂಗಳುಗಳ ನಂತರ ಬೇರೊಂದು ಸರ್ವರ್‌ನಲ್ಲಿ ಸಿಕ್ಕಿತು. ಅಲ್ಲಿನ ನಿರ್ವಾಹಕರಿಗೆ ಬರೆದೆ, ಅವರು ಅದೇ ದಿನ ತೆಗೆದರು. ಅಂದಿನಿಂದ ಹೊಸಬರಿಗೆ ಖಾತೆ ಕೊಡುವ ಮೊದಲು ಇದನ್ನು ನಾನೇ ಕೂತು ವಿವರಿಸುತ್ತೇನೆ.