ಐದು ಎಂಎಲ್ ಡೆವಲಪರ್, ಒಂದು ಗಂಟೆ ಬಿಡುವು

ಮಟಮಟ ಮಧ್ಯಾಹ್ನ ದೇವಸ್ಥಾನದ ಅಂಗಳದಲ್ಲಿ ತೆಗೆದ ಕಪ್ಪು-ಬಿಳುಪು ಫೋಟೊಗಳ ಪಾಡು ಗೊತ್ತಲ್ವಾ? ಬಿಸಿಲು ಬಿದ್ದ ಗೋಡೆ ಬರೀ ಬಿಳುಪು, ಕಂಬದ ಹಿಂದಿನ ನೆರಳು ಕಪ್ಪೋ ಕಪ್ಪು. ಇಂಥ ಫಿಲ್ಮ್ ರೋಲ್‌ಗೆ ಸ್ಟ್ಯಾಂಡ್ ಡೆವಲಪ್‌ಮೆಂಟ್ ಚೆನ್ನಾಗಿ ಒಗ್ಗುತ್ತದೆ. ಫಿಲ್ಮಿನಲ್ಲಿ ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರನ್ನು ತೀರಾ ತೆಳು ಮಾಡಿ, ಫಿಲ್ಮ್ ಇಟ್ಟ ಟ್ಯಾಂಕ್ ಅಲ್ಲಾಡಿಸದೆ ಒಂದು ಗಂಟೆ ಬಿಟ್ಟುಬಿಡುವುದು, ಅಷ್ಟೇ.

ಇದಕ್ಕೆ ಹೆಚ್ಚು ಜನ ಬಳಸುವುದು ರೋಡಿನಾಲ್. ಜರ್ಮನಿಯ ಆಗ್ಫಾ ಕಂಪನಿ 1891ರಿಂದ ಮಾರಿದ ಡೆವಲಪರ್ ಇದು. ಈಗ ಅಡೋನಾಲ್, ಆರ್09 ಎಂಬ ಹೆಸರುಗಳಲ್ಲೂ ಸಿಗುತ್ತದೆ. ಬಾಟಲಿ ತೆರೆದ ಮೇಲೂ ವರ್ಷಗಟ್ಟಲೆ ಇರುತ್ತದೆ. ಕಾಫಿ ಡಿಕಾಕ್ಷನ್ ಥರ ಕಪ್ಪಗಾದರೂ ಕೆಲಸ ಮಾಡುತ್ತದೆ, ಗಾಬರಿ ಬೇಡ. ಆದರೆ ಚರ್ಮ ಸುಡುವಷ್ಟು ಕ್ಷಾರ ಅದರಲ್ಲಿದೆ. ಗ್ಲೌಸ್ ಹಾಕಿಕೊಳ್ಳಿ. ಅಳತೆಯ ಪಾತ್ರೆಯನ್ನು ಮತ್ತೆ ಅಡುಗೆಮನೆಗೆ ಒಯ್ಯಬೇಡಿ.

ಅಳತೆ 1:100, ಅಂದರೆ ಒಂದು ಪಾಲು ರೋಡಿನಾಲ್‌ಗೆ ನೂರು ಪಾಲು ನೀರು. ಎಡವುವುದು ಇಲ್ಲೇ. ಒಂದು ರೀಲ್ (ಫಿಲ್ಮ್ ಸುತ್ತುವ ಸುರುಳಿ) ಹಿಡಿಸುವ ಪ್ಯಾಟರ್ಸನ್ ಕಂಪನಿಯ ಟ್ಯಾಂಕಿಗೆ 290 ಎಂಎಲ್ ಸಾಕು, ಆದರೆ ಆ ಲೆಕ್ಕಕ್ಕೆ ರೋಡಿನಾಲ್ ಮೂರು ಎಂಎಲ್ ಕೂಡ ಬರುವುದಿಲ್ಲ. ಒಂದು ರೋಲ್‌ಗೆ ಅದು ಕಡಿಮೆ. ನೀರು ಎಷ್ಟು ಅನ್ನುವುದಕ್ಕಿಂತ ಮದ್ದು ಎಷ್ಟು ಅನ್ನುವುದೇ ಮುಖ್ಯ. ಎರಡು ರೀಲಿನ ಟ್ಯಾಂಕ್ ತಗೊಳ್ಳಿ. ಕೆಳಗೆ ಫಿಲ್ಮ್ ಸುತ್ತಿದ ರೀಲ್, ಮೇಲೆ ಖಾಲಿ ರೀಲ್. 500 ಎಂಎಲ್ ನೀರಿಗೆ 5 ಎಂಎಲ್ ರೋಡಿನಾಲ್. ಅಳೆಯಲು ಮೆಡಿಕಲ್ ಶಾಪಿನ ಸಿರಿಂಜ್ ಸಾಕು.

ಫಿಲ್ಮನ್ನು ಚೇಂಜಿಂಗ್ ಬ್ಯಾಗ್ (ಬೆಳಕು ನುಗ್ಗದ ಚೀಲ) ಒಳಗೆ ಅಥವಾ ಪೂರ್ತಿ ಕತ್ತಲಲ್ಲಿ ರೀಲಿಗೆ ಸುತ್ತಿ. ರೀಲ್ ಒಣಗಿರಲೇಬೇಕು. ಮಂಗಳೂರಿನ ಮಳೆಗಾಲದಲ್ಲಿ ಅಂಗೈ ಬೆವರಿಗೇ ಫಿಲ್ಮ್ ಅಂಟಿಕೊಳ್ಳುತ್ತದೆ. ಅವಸರ ಮಾಡಿದರೆ ಮಡಚಿಯೇ ಹೋಗುತ್ತದೆ.

ಇನ್ನು ಸೆಕೆ. ನೀರು 20 ಡಿಗ್ರಿ ಇರಬೇಕು, ನಮ್ಮ ಬೇಸಿಗೆಯ ನಲ್ಲಿ ನೀರು ಎಲ್ಲಿಯ ಮಾತು? ಫ್ರಿಜ್ ನೀರು ಬೆರೆಸಿ ಇಳಿಸಿ. ಒಂದು ಗಂಟೆಯಲ್ಲಿ ಅದು ಮತ್ತೆ ಏರುತ್ತದೆ, ಹಾಗಾಗಿ ಟ್ಯಾಂಕನ್ನು ಅಷ್ಟೇ ತಂಪಿನ ನೀರಿರುವ ಬಕೆಟ್‌ನಲ್ಲಿ ಇಡಿ. ಫಿಕ್ಸರ್ (ಮೂಡಿದ ಚಿತ್ರ ಬೆಳಕಿಗೆ ಕೆಡದಂತೆ ಮಾಡುವ ದ್ರಾವಣ) ಬಾಟಲಿ, ತೊಳೆಯುವ ನೀರು ಕೂಡ ಅದೇ ಬಕೆಟ್‌ನಲ್ಲಿರಲಿ.

ಡೆವಲಪರ್ ಸುರಿದು ಮೊದಲ ಅರ್ಧ ನಿಮಿಷ ಟ್ಯಾಂಕನ್ನು ಮೆಲ್ಲಗೆ ತಲೆಕೆಳಗಾಗಿ ತಿರುವಿಹಾಕಿ. ಗುಳ್ಳೆ ಬಿಡಲೆಂದು ಟ್ಯಾಂಕ್ ತಳವನ್ನು ಎರಡು ಸಲ ಕುಟ್ಟಿ. ಆಮೇಲೆ ಸುಮ್ನೆ ಬಿಡಿ. ಒಳಗೆ ಆಗುವುದಿಷ್ಟು: ಬೆಳಕು ಜಾಸ್ತಿ ಬಿದ್ದ ಜಾಗದಲ್ಲಿ ತೆಳು ಡೆವಲಪರ್ ಬೇಗ ಖರ್ಚಾಗಿ ಹೋಗುತ್ತದೆ. ಅಲ್ಲಾಡಿಸದ ಕಾರಣ ಹೊಸದು ಅಲ್ಲಿಗೆ ಬರುವುದಿಲ್ಲ, ಬಿಸಿಲಿನ ಗೋಡೆ ಇನ್ನಷ್ಟು ಬಿಳುಚದೆ ಅಲ್ಲಿಗೇ ನಿಲ್ಲುತ್ತದೆ. ನೆರಳಿನ ಜಾಗದಲ್ಲಿ ಖರ್ಚು ತೀರಾ ಕಡಿಮೆ, ಅಲ್ಲಿ ಕೆಲಸ ನಿಧಾನಕ್ಕೆ ನಡೆಯುತ್ತಲೇ ಇರುತ್ತದೆ.

ಪೂರ್ತಿ ಗಂಟೆ ಮುಟ್ಟಲೇಬಾರದು ಅನ್ನುವ ಹಠಮಾರಿಗಳಿದ್ದಾರೆ. ನಾನು ಆ ಪಂಗಡದವನಲ್ಲ. ಡೆವಲಪ್ ಆಗುವಾಗ ಬಿಡುಗಡೆಯಾಗುವ ಬ್ರೋಮೈಡ್ ಕೆಳಗಿಳಿದು ಫಿಲ್ಮಿನ ತೂತುಗಳ ಪಕ್ಕ ಗೆರೆ ಮೂಡಿಸಬಹುದು, ಆಕಾಶದಲ್ಲಂತೂ ಎದ್ದು ಕಾಣುತ್ತದೆ. ಅರ್ಧ ಗಂಟೆಗೆ ಒಂದೇ ಸಲ ಮೆಲ್ಲಗೆ ತಿರುವಿದರೆ ಆ ಕಾಟ ಬಹುಮಟ್ಟಿಗೆ ತಪ್ಪುತ್ತದೆ.

ಗಂಟೆ ಆಯಿತೇ, ಡೆವಲಪರ್ ಚೆಲ್ಲಿ. ಅದನ್ನು ಮತ್ತೆ ಬಳಸುವಂತಿಲ್ಲ. ಒಂದು ನಿಮಿಷ ನೀರಲ್ಲಿ ಜಾಲಾಡಿಸಿ ಫಿಕ್ಸರ್ ಹಾಕಿ. ಎಷ್ಟು ಹೊತ್ತು? ಸುತ್ತುವಾಗ ಕತ್ತರಿಸಿದ ಫಿಲ್ಮ್ ತುದಿಯನ್ನು ಫಿಕ್ಸರ್‌ಗೆ ಹಾಕಿ ನೋಡಿ, ಅದು ತಿಳಿಯಾಗಲು ಹಿಡಿದ ಸಮಯದ ಎರಡರಷ್ಟು. ತೊಳೆಯಲು ನಲ್ಲಿ ಬಿಟ್ಟುಕೊಂಡು ಕೂರಬೇಕಿಲ್ಲ. ನೀರು ತುಂಬಿ ಐದು ಸಲ ತಿರುವಿ ಚೆಲ್ಲಿ, ಮತ್ತೆ ತುಂಬಿ ಹತ್ತು ಸಲ, ಕೊನೆಗೆ ಇಪ್ಪತ್ತು ಸಲ. ಫಿಲ್ಮ್ ತಯಾರಿಸುವ ಇಲ್ಫರ್ಡ್ ಕಂಪನಿ ಹೇಳಿಕೊಟ್ಟ ಕ್ರಮವಿದು. ಕೊನೆಯ ಜಾಲಾಟಕ್ಕೆ ಡಿಸ್ಟಿಲ್ಡ್ ವಾಟರ್ ಬಳಸಿ, ಬೋರ್‌ವೆಲ್ ನೀರು ಒಣಗಿದ ಮೇಲೆ ಕಲೆ ಬಿಡುತ್ತದೆ. ಧೂಳು ಕಡಿಮೆ ಇರುವ ಬಚ್ಚಲುಮನೆಯಲ್ಲಿ, ಕೆಳತುದಿಗೆ ಕ್ಲಿಪ್ ಹಾಕಿ ನೇತುಬಿಡಿ.

ಮೋಡದ ದಿನದ, ಮನೆಯೊಳಗಿನ ಸಪ್ಪೆ ಬೆಳಕಿನ ಚಿತ್ರಗಳಿಗೆ ಮಾತ್ರ ಈ ವಿಧಾನ ಬೇಡ. ಸಪ್ಪೆ ಇನ್ನಷ್ಟು ಸಪ್ಪೆಯಾಗುತ್ತದೆ. ಅವಕ್ಕೆ 1:50 ಹಾಕಿ, ನಿಮಿಷಕ್ಕೊಮ್ಮೆ ತಿರುವುವ ಮಾಮೂಲಿ ಕ್ರಮವೇ ಸರಿ. ಫಿಕ್ಸರ್ ಅನ್ನು ಮತ್ತೆ ಬಾಟಲಿಗೆ ಸುರಿದು ಎಷ್ಟು ರೋಲ್ ಆಯಿತೆಂದು ಚೀಟಿ ಅಂಟಿಸಿ. ಅದರಲ್ಲಿ ಬೆಳ್ಳಿಯ ಅಂಶ ಸೇರಿರುತ್ತದೆ, ಗಿಡದ ಬುಡಕ್ಕಂತೂ ಸುರಿಯಬೇಡಿ.